ಬಯಕೆಯ ಬುಟ್ಟಿ ಮತ್ತು ಎರಡು ಬಾಗಿಲಿನ ಕಾರು

ನಮ್ಮ ಮನೆಯ ಫ್ರಿಜ್ಜಿನ ಮೇಲೆ ಒಂದು ಸಣ್ಣ ಬಿದಿರಿನ ಬುಟ್ಟಿ ಇದೆ. ಮೈಗೆಲ್ಲ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಭತ್ತದ ಸಸಿ, ಏಣಿಯಂಥ ಗೆರೆ, ಹಕ್ಕಿಯೋ ಹಲ್ಲಿಯೋ ಎಂದು ಬರೆದವಳಿಗೂ ಖಾತ್ರಿಯಿಲ್ಲದ ಒಂದು ಪ್ರಾಣಿ, ಇಷ್ಟನ್ನೂ ಬರೆದವಳು ನನ್ನ ಅಕ್ಕ. ಸೊರಬದ ಕಡೆಯವರು ಮನೆಗೆ ಬಂದರೆ ನೋಡಿದ ಕೂಡಲೇ ಇದು ಭೂಮಿ ಹುಣ್ಣಿಮೆಯ ಬುಟ್ಟಿ ಎಂದು ಗುರುತು ಹಿಡಿಯುತ್ತಾರೆ. ಮರುಕ್ಷಣವೇ, ಇದರ ಅಂಚು ಒಂದು ಕಡೆ ಯಾಕೆ ನೆಗ್ಗಿದೆ ಎಂದು ಕೇಳುತ್ತಾರೆ. ಟರ್ಬೊ ಗುದ್ದಿದ್ದು ಎಂದು ನಾನು ನಿಜವನ್ನೇ ಹೇಳುತ್ತೇನೆ. ಟರ್ಬೊ ಎಂದರೆ ಯಾವುದೋ ಹೊಸ ತಳಿಯ ಹೋರಿ ಇರಬೇಕೆಂದುಕೊಂಡು ಅವರು ತಲೆಯಾಡಿಸಿ ಕಾಫಿ ಕುಡಿಯುತ್ತಾರೆ. ನಿಮಗೆ ಮಾತ್ರ ಪೂರ್ತಿ ಕಥೆ ಹೇಳುತ್ತೇನೆ, ಯಾಕೆಂದರೆ ನೀವು ಇಲ್ಲಿಯವರೆಗೆ ಓದಿದ್ದೀರಿ.

ನಾನು ಎಂಜಿನಿಯರು. ಯಾರೂ ಕೇಳದಿದ್ದರೂ ಇದನ್ನು ಹೇಳಿಕೊಳ್ಳುವ ಚಟ ನನಗಿದೆ, ಸಹಿಸಿಕೊಳ್ಳಿ. ಅಪ್ಪನ ಕಡೆಯಲ್ಲಿ, ಅವ್ವನ ಕಡೆಯಲ್ಲಿ ಎಷ್ಟು ಹಿಂದಕ್ಕೆ ಹೋದರೂ ಪದವಿ ಪಡೆದವರೊಬ್ಬರು ಸಿಗುವುದಿಲ್ಲ. ನಮ್ಮ ವಂಶ ಹೆಬ್ಬೆಟ್ಟಿನಿಂದ ಸಹಿಗೆ ಬಡ್ತಿ ಪಡೆದದ್ದೇ ಅಪ್ಪನ ಕಾಲಕ್ಕೆ. ನಾನು ಡಿಪ್ಲೊಮಾ ಓದುವಾಗ ಡ್ರಾಯಿಂಗ್ ಬೋರ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದರೆ ಕಂಡಕ್ಟರು ಅದಕ್ಕೆ ಲಗೇಜು ಹಾಕಲೇ, ಅರ್ಧ ಟಿಕೇಟು ಹಾಕಲೇ ಎಂದು ಯೋಚಿಸುತ್ತ ನಿಲ್ಲುತ್ತಿದ್ದ. ಆ ಬೋರ್ಡಿನ ಮೂಲೆ ತಾಗಿ ಬೈದವರ ಸಂಖ್ಯೆ ನನ್ನ ಅಂಕಪಟ್ಟಿಯ ಮೊತ್ತಕ್ಕಿಂತ ಹೆಚ್ಚೇ ಇದ್ದೀತು. ಡಿಪ್ಲೊಮಾ ಮುಗಿಸಿ, ಕೆಲಸಕ್ಕೆ ಸೇರಿ, ಮದುವೆಯಾಗಿ, ಆಮೇಲೆ ಬಿ.ಇ. ಮಾಡಿದವಳು ನಾನು. ಮನೆಯ ಗೇಟಿಗೆ ಬೋರ್ಡು ಬರೆಸುವಾಗ, ಜಾಗ ಸಾಲುವುದಿಲ್ಲ, ಬಿ.ಇ. ಅನ್ನುವುದನ್ನು ಚಿಕ್ಕದಾಗಿ ಬರೆಯಲೇ ಎಂದು ಪೇಂಟರು ಕೇಳಿದಾಗ, ಬೇಕಿದ್ದರೆ ನನ್ನ ಹೆಸರನ್ನು ಚಿಕ್ಕದು ಮಾಡಿ ಎಂದಿದ್ದೆ.

ಶಿಕಾರಿಪುರದ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಎಂಜಿನ್ನುಗಳ ಪಾಠ ಮಾಡುತ್ತ ಕೂದಲು ಬೆಳ್ಳಗಾದವು. ಪ್ರತಿ ವರ್ಷ ಮಳೆಗಾಲ ಹಿಡಿಯುವ ಹೊತ್ತಿಗೆ ಸರಿಯಾಗಿ ಟರ್ಬೊ ಪಾಠ ಬರುತ್ತದೆ. ಎಂಜಿನ್ನು ಉರಿಸಿ ಬಿಸಾಡಿದ ಹೊಗೆಯನ್ನು ಸುಮ್ಮನೆ ಹೊರಗೆ ಬಿಡದೆ, ಅದೇ ಹೊಗೆಯಿಂದ ಒಂದು ಸಣ್ಣ ಚಕ್ರ ತಿರುಗಿಸಿ, ಆ ಚಕ್ರದಿಂದ ಇನ್ನಷ್ಟು ಗಾಳಿಯನ್ನು ಒತ್ತಿ ಒತ್ತಿ ಎಂಜಿನ್ನಿನ ಒಳಗೆ ತುಂಬುವುದೇ ಟರ್ಬೊ. ಸಣ್ಣ ಎಂಜಿನ್ನು ದೊಡ್ಡದರಂತೆ ಎಳೆಯುತ್ತದೆ. ಒಂದೇ ಕೊರತೆ: ಹೊಗೆ ಬಂದು, ಚಕ್ರ ತಿರುಗಿ, ಗಾಳಿ ತುಂಬುವ ತನಕ ಅರೆಕ್ಷಣ ಕಾಯಬೇಕು. ದೊಡ್ಡ ಎಂಜಿನ್ನಿಗೆ ಈ ಯಾವ ಉಪದ್ವ್ಯಾಪವೂ ಇಲ್ಲ. ಅದರ ಹೊಟ್ಟೆಯೇ ದೊಡ್ಡದು, ಕಾಲಿಟ್ಟ ಕೂಡಲೇ ಶಕ್ತಿ ಸಿದ್ಧ, ಆದರೆ ಪೆಟ್ರೋಲು ಕುಡಿಯುತ್ತದೆ. ಇಷ್ಟನ್ನು ಬೋರ್ಡಿನ ಮೇಲೆ ಬರೆದು ಬರೆದು ಎಷ್ಟು ಸೀಮೆಸುಣ್ಣ ಸವೆಸಿದ್ದೇನೋ, ಟರ್ಬೊ ಇರುವ ಕಾರನ್ನು ಓಡಿಸುವುದಿರಲಿ, ಅದರಲ್ಲಿ ಕೂತೂ ಇರಲಿಲ್ಲ. ಮದುವೆ ಮಂತ್ರ ಹೇಳುತ್ತಲೇ ಮುದುಕನಾದ ಬ್ರಹ್ಮಚಾರಿಯಂತೆ ಇತ್ತು ನನ್ನ ಪಾಂಡಿತ್ಯ.

ಪಾಠ ಮಾಡುವಾಗ ನನಗೆ ಟರ್ಬೊ ಮೇಲೆ ಒಂದು ಗುಟ್ಟಿನ ಮಮತೆ. ಅದು ನಮ್ಮ ಜಾತಿಯದು ಅನ್ನಿಸುತ್ತಿತ್ತು. ಜನಗಣತಿಯ ಜಾತಿಯಲ್ಲ, ಮನೆಯಲ್ಲಿ ಮೊದಲು ಓದಿದವರ ಜಾತಿ. ಅಪ್ಪ ಅಜ್ಜ ಓದಿದ ಮನೆಯ ಮಕ್ಕಳು ದೊಡ್ಡ ಎಂಜಿನ್ನುಗಳು, ಹುಟ್ಟುವಾಗಲೇ ಹೊಟ್ಟೆ ತುಂಬ ಗಾಳಿ. ನಾವು ಸಣ್ಣ ಎಂಜಿನ್ನಿನವರು. ಇನ್ನೊಬ್ಬರು ಓದಿ ಬಿಟ್ಟ ಪುಸ್ತಕ, ಇನ್ನೊಬ್ಬರು ಬಿಟ್ಟೆದ್ದ ಬೆಂಚು, ಇನ್ನೊಬ್ಬರಿಗೆ ಬೇಡವಾದ ಸೀಟು, ಹೀಗೆ ಹೊರಬಿದ್ದ ಹೊಗೆಯಲ್ಲೇ ಚಕ್ರ ತಿರುಗಿಸಿಕೊಂಡು ಮೇಲೆ ಬಂದವರು. ಸ್ವಲ್ಪ ತಡ, ಅಷ್ಟೆ. ಈ ಹೋಲಿಕೆಯನ್ನು ತರಗತಿಯಲ್ಲಿ ಒಮ್ಮೆ ಹೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಅದನ್ನು ಪರೀಕ್ಷೆಯಲ್ಲಿ ಹಾಗೇ ಬರೆದು ಅಂಕ ಕಳೆದುಕೊಂಡಳು.

ಹೀಗಿರುವಾಗ, ಮಗಳು ಓದು ಮುಗಿಸಿ ಹುಬ್ಬಳ್ಳಿಯಲ್ಲಿ ದವಾಖಾನೆಯ ಕೆಲಸಕ್ಕೆ ಸೇರಿ, ಮನೆಯ ಮೇಲಿನ ಸಾಲ ಮುಗಿದ ವರ್ಷ, ನಮ್ಮೂರಿನ ರಫೀಕ್ ಭಾಯಿ ದಾರಿಯಲ್ಲಿ ಸಿಕ್ಕರು. ಅವರದು ಹಳೆಯ ಗಾಡಿಗಳ ವ್ಯಾಪಾರ. ಅವರ ತಮ್ಮ ನನ್ನ ವಿದ್ಯಾರ್ಥಿ. ಯಾರೋ ಕಂಟ್ರಾಕ್ಟರರು ಮಣ್ಣೆತ್ತುವ ಯಂತ್ರ ಮಾರುವಾಗ ಅದರ ಜೊತೆಗೆ ಮಗನ ಎರಡು ಶೋಕಿ ಕಾರುಗಳನ್ನೂ ಎತ್ತಿಕೊಂಡು ಹೋಗಿ ಎಂದು ಹಟ ಹಿಡಿದರಂತೆ. ಎರಡೂ ಕೂಪೆ, ಅಂದರೆ ಬೆನ್ನು ಇಳಿಜಾರಾದ, ನೆಲಕ್ಕೆ ಅಂಟಿದಂತಿರುವ, ಎರಡೇ ಬಾಗಿಲಿನ ಕಾರು. ಬಿಳಿಯದು ಸಣ್ಣ ಎಂಜಿನ್ನಿನ ಟರ್ಬೊ. ನೀಲಿಯದು ಆರು ಸಿಲಿಂಡರಿನ ದೊಡ್ಡ ಎಂಜಿನ್ನು, ಟರ್ಬೊ ಇಲ್ಲ. ಪಾಠ ಮಾಡೋರು ನೀವು, ಒಂದು ಸಲ ಬಂದು ನೋಡ್ರಿ ಮೇಡಂ ಎಂದರು. ನೋಡಲು ಹೋದೆ. ಮೆಕ್ಕೆಜೋಳದ ಚೀಲಗಳ ಪಕ್ಕದಲ್ಲಿ, ಟ್ರ್ಯಾಕ್ಟರುಗಳ ನಡುವೆ ಅವೆರಡೂ ತಪ್ಪು ವಿಳಾಸಕ್ಕೆ ಬಂದ ನೆಂಟರಂತೆ ನಿಂತಿದ್ದವು. ನೋಡಿ ಮನೆಗೆ ಬಂದವಳು ಆ ಹೊತ್ತಿನ ಸಾರಿಗೆ ಉಪ್ಪು ಹಾಕಲು ಮರೆತೆ.

ನನಗೆ ಅವುಗಳಲ್ಲಿ ಒಂದು ಬೇಕಾಗಿತ್ತು. ಇದನ್ನು ಎಷ್ಟು ಸಲೀಸಾಗಿ ಬರೆದುಬಿಟ್ಟೆ ನೋಡಿ. ಬಾಯಿಬಿಟ್ಟು ಹೇಳಲು ಮಾತ್ರ ಆಗಲಿಲ್ಲ. ಮನೆಯಲ್ಲಿ ಮೊದಲು ಓದಿದವರಿಗೆ ಅಗತ್ಯಗಳನ್ನು ಹೇಳುವುದು ಚೆನ್ನಾಗಿ ಗೊತ್ತು: ಫೀಸು ಬೇಕು, ಪುಸ್ತಕ ಬೇಕು, ಬಾವಿಗೆ ಮೋಟಾರು ಬೇಕು. ಸುಮ್ಮನೆ, ಆಸೆಗೆ, ಬೇಕು ಎನ್ನುವುದು ನಮ್ಮ ಪಠ್ಯದಲ್ಲೇ ಇರಲಿಲ್ಲ. ಹಾಗಾಗಿ ಬೇಕೋ ಬೇಡವೋ ಎಂಬ ನಿಜವಾದ ಪ್ರಶ್ನೆಯನ್ನು ಪಕ್ಕಕ್ಕಿಟ್ಟು, ಯಾವುದು ಎಂಬ ತಾಂತ್ರಿಕ ಪ್ರಶ್ನೆಯ ಹಿಂದೆ ಅಡಗಿಕೊಂಡೆ. ನಮ್ಮ ಮನೆಯವರು ಪ್ರೌಢಶಾಲೆಯ ಕನ್ನಡ ಮೇಷ್ಟ್ರು. ಅವರನ್ನು ಕೂರಿಸಿಕೊಂಡು ಟರ್ಬೊದ ಹೆಚ್ಚುಗಾರಿಕೆ, ದೊಡ್ಡ ಎಂಜಿನ್ನಿನ ಸರಳತೆ, ರಿಪೇರಿ, ಮೈಲೇಜು ಎಂದು ಪಾಠ ಒಪ್ಪಿಸಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಮನೆಗೆ ಬಂದ ನೆಂಟರಿಗೆ ಯಾವ ವಿಭಕ್ತಿ ಹಚ್ಚಿ ಹಿಂದಿನ ಸೀಟಿಗೆ ತೂರಿಸುತ್ತೀ ಎಂದು ಮಾತ್ರ ಕೇಳಿದರು. ಬೇಡ ಎನ್ನಲಿಲ್ಲ, ಬೇಡ ಎಂದಿದ್ದರೆ ಜಗಳವಾಡಿಯಾದರೂ ತೀರ್ಮಾನಕ್ಕೆ ಬರುತ್ತಿದ್ದೆ.

ಭೂಮಿ ಹುಣ್ಣಿಮೆ ಕಳೆದ ಮೇಲೆ ದಾವಣಗೆರೆಯಿಂದ ಗಿರಾಕಿ ಬರುತ್ತಾರೆ, ಎರಡನ್ನೂ ಒಟ್ಟಿಗೆ ಒಯ್ಯುತ್ತಾರೆ, ಅಷ್ಟರೊಳಗೆ ಹೇಳಿ ಎಂದು ರಫೀಕ್ ಭಾಯಿ ಗಡುವು ಕೊಟ್ಟರು. ಮುಂದುವರಿದು, ಬಿಳಿಯದನ್ನು ಹಬ್ಬಕ್ಕೆ ಒಯ್ದು ಓಡಿಸಿ ನೋಡಿರಿ ಎಂದು ಕೀಲಿಯನ್ನೂ ಕೈಗಿಟ್ಟರು. "ಸಣ್ಣ ಎಂಜಿನ್ನು ಅಂತ ಹಗುರ ತಗೋಬ್ಯಾಡ್ರಿ ಮೇಡಂ. ಮೊದ್ಲು ಸುಮ್ನಿರತೈತಿ. ಆಮ್ಯಾಲೆ ಕೇಳೂದಿಲ್ಲ," ಎಂದರು. ನನ್ನ ಎರಡು ತಾಸಿನ ಪಾಠವನ್ನು ಅವರು ಮೂರು ವಾಕ್ಯದಲ್ಲಿ ಮುಗಿಸಿದ್ದರು, ಆದರೆ ಅಂಕ ಕೊಡುವಷ್ಟು ವಿವರಣೆ ಇರಲಿಲ್ಲ ಬಿಡಿ.

ಭೂಮಿ ಹುಣ್ಣಿಮೆ ಗೊತ್ತಿಲ್ಲದವರಿಗೆ ಒಂದು ಮಾತು. ಭತ್ತ ಇನ್ನೇನು ತೆನೆ ಬಿಡಬೇಕೆಂದು ಹೊಡೆ ತುಂಬಿ ನಿಂತ ಹೊತ್ತಿನಲ್ಲಿ, ಗದ್ದೆಯೀಗ ತುಂಬು ಬಸುರಿ ಎಂದು ಬಗೆದು, ಅವಳ ಬಯಕೆ ತೀರಿಸಲು ನಮ್ಮ ಕಡೆಯವರು ಊಟ ಹೊತ್ತುಕೊಂಡು ಗದ್ದೆಗೆ ಹೋಗುತ್ತಾರೆ. ದೊಡ್ಡ ಬುಟ್ಟಿಯಲ್ಲಿ ಕಡುಬು, ಬುತ್ತಿ, ಪಾಯಸ. ಸಣ್ಣ ಬುಟ್ಟಿಯಲ್ಲಿ ಚರಗ, ಅಂದರೆ ಸಿಕ್ಕ ಸಿಕ್ಕ ಸೊಪ್ಪು, ಕುಂಬಳ, ಹೀರೆ, ಹಾಗಲ, ಅಮಟೆ ಎಲ್ಲವನ್ನೂ ಅನ್ನದ ಜೊತೆ ಬೇಯಿಸಿ ಕಲಸಿದ ಮುದ್ದೆ. ಅದನ್ನು ಗದ್ದೆಯ ಉದ್ದಗಲಕ್ಕೂ ಬೀರಬೇಕು. ಬಸುರಿಗೆ ಏನು ತಿನ್ನಬೇಕೆನಿಸುತ್ತದೋ ಯಾರಿಗೆ ಗೊತ್ತು, ಹಾಗಾಗಿ ಎಲ್ಲವೂ ಇರಲಿ ಎಂಬ ಜಾಣತನ. ಈ ಬುಟ್ಟಿಗಳನ್ನು ಮನೆಯಿಂದ ಗದ್ದೆಯವರೆಗೆ ನಡೆದೇ ಒಯ್ಯುವುದು ರೂಢಿ. ಕೂಪೆ ಕಾರಿನಲ್ಲಿ ಒಯ್ಯಬಾರದೆಂದು ಹಿರಿಯರು ಹೇಳಿರಲಿಲ್ಲ, ಅವರಿಗೆ ಅಂಥ ಯೋಚನೆಯೇ ಬಂದಿರಲಾರದು.

ನನಗೆ ಬಂತು. ಅಕ್ಕನ ಊರು ಸೊರಬದಿಂದ ಒಳಗೆ. ಹಬ್ಬದ ಹಿಂದಿನ ಸಂಜೆ ಶಿರಾಳಕೊಪ್ಪ ದಾಟಿ ಬಿಳಿ ಕಾರನ್ನು ಅಲ್ಲಿಗೆ ತಂದು ನಿಲ್ಲಿಸಿದಾಗ ಅಕ್ಕ ಕೈಯಲ್ಲಿ ಕೆಮ್ಮಣ್ಣು ಮೆತ್ತಿಕೊಂಡೇ ಹೊರಗೆ ಬಂದು, ಕಾರಿಗೆ ಒಂದು ಸುತ್ತು ಹಾಕಿ, ಮತ್ತೆ ಹೊರಟಲ್ಲಿಗೇ ಬಂದು ನಿಂತಳು.

"ಎರಡೇ ಬಾಗ್ಲೇನೆ? ಉಳಿದೆರಡು ಆಮೇಲೆ ಕಳಿಸ್ತಾರಾ?"

ಇದರ ಜಾತಿಯೇ ಹೀಗೆ ಎಂದೆ. ಭಾವ ಬಂದು ಅದರ ಬೆನ್ನಿಗೆ ಹೋರಿಗೆ ತಟ್ಟುವಂತೆ ಎರಡು ಸಲ ತಟ್ಟಿ, ತಗ್ಗು ಆಯ್ತು, ಹೊಟ್ಟೆ ನೆಲಕ್ಕೆ ಉಜ್ಜುತ್ತದೆ ಎಂದು ತೀರ್ಪು ಕೊಟ್ಟು ಒಳಗೆ ಹೋದರು. ಅಕ್ಕನ ಮೊಣಕಾಲು ಆ ವರ್ಷ ಕೈಕೊಟ್ಟಿತ್ತು. ಗದ್ದೆಯ ತನಕ ನಡೆಯುವುದು ಕಷ್ಟ, ಆದರೆ ಮನೆಯ ಹಿರಿ ಹೆಂಗಸು ತಾನು ಹೋಗದೆ ಹಬ್ಬವಾಗದು. ಕಾರಿನಲ್ಲಿ ಹೋಗೋಣ ಎಂದೆ. ಅವಳ ಕಾಲಿಗೆಂದೇ ಹೇಳಿದೆ. ಜೊತೆಗೆ, ಗದ್ದೆಗೆ ಹೋಗುವ ಕಾಲುವೆಯ ಏರಿಯ ದಾರಿಯಲ್ಲಿ ಟರ್ಬೊ ಹೇಗೆ ಹತ್ತುತ್ತದೆ ನೋಡುವ ಆಸೆಯೂ ಇತ್ತು. ಎರಡರಲ್ಲಿ ಯಾವುದು ಮುಂದಿತ್ತು ಎಂದು ಕೇಳಬೇಡಿ.

ಬೆಳಕು ಹರಿಯುವ ಹೊತ್ತಿಗೆ ಹೊರಟೆವು. ಆ ಹಿಂದಿನ ಸೀಟು ಮನುಷ್ಯರಿಗೆ ಆಗುವಂಥದ್ದಲ್ಲ, ಆದರೆ ದೊಡ್ಡ ಬುಟ್ಟಿಗೆ ಅಳತೆ ಕೊಟ್ಟು ಹೊಲಿಸಿದಂತಿತ್ತು. ಅಕ್ಕ ಮುಂದಿನ ಸೀಟಿನಲ್ಲಿ, ಸೀಟಿನಲ್ಲಿ ಅನ್ನುವುದಕ್ಕಿಂತ ಹಳ್ಳದಲ್ಲಿ, ಮೊಣಕಾಲು ಎದೆಗೆ ಬಂದು ಕೂತು, ಚರಗದ ಬುಟ್ಟಿಯನ್ನು ಮಡಿಲಲ್ಲಿ ಇಟ್ಟುಕೊಂಡಳು. ತಲೆಯ ಮೇಲೆ ಬುಟ್ಟಿ ಹೊತ್ತ ಅಕ್ಕಪಕ್ಕದ ಮನೆಯವರು ನಮ್ಮನ್ನು ಹಿಂದೆ ಹಾಕಿ ಮುಂದೆ ನಡೆದರು. ಒಬ್ಬರಂತೂ, ನೂಕಬೇಕಾದರೆ ಕೂಗಿ ಎಂದು ಹೇಳಿ ಹೋದರು. ಭಾವ ಪೂಜೆಯ ಸಾಮಾನು ಹಿಡಿದು ಎಂದೋ ಗದ್ದೆ ಸೇರಿದ್ದರು.

ಕಾಲುವೆಯ ಏರಿ ಹತ್ತುವಲ್ಲಿ ಮಣ್ಣು ಇಬ್ಬನಿಗೆ ಜಾರುತ್ತಿತ್ತು. ಒತ್ತಿದೆ. ಕಾರು ಯೋಚಿಸಿತು. ಇನ್ನಷ್ಟು ಒತ್ತಿದೆ. ಇನ್ನೂ ಯೋಚಿಸಿತು. ಈ ತಡಕ್ಕೆ ಕಾರಣವೇನೆಂದು ನನಗಿಂತ ಚೆನ್ನಾಗಿ ಬಲ್ಲವರು ಇಡೀ ತಾಲ್ಲೂಕಿನಲ್ಲಿ ಇರಲಿಲ್ಲ; ಚಕ್ರ ಈಗ ತಿರುಗುತ್ತಿದೆ, ಗಾಳಿ ಈಗ ತುಂಬುತ್ತಿದೆ ಎಂದು ಮನಸ್ಸಿನಲ್ಲೇ ಬೋರ್ಡಿನ ಮೇಲೆ ಬಾಣದ ಗುರುತು ಹಾಕುತ್ತಿದ್ದೆ. ಕಾರಣ ಗೊತ್ತಿದ್ದ ಮಾತ್ರಕ್ಕೆ ಕಾಲು ಎತ್ತಬೇಕೆಂದು ಹೊಳೆಯುವುದಿಲ್ಲ. ಅಷ್ಟರಲ್ಲಿ ಇಡೀ ಪಾಠ ಒಂದೇ ಸಲಕ್ಕೆ ಅರ್ಥವಾದಂತೆ ಕಾರು ಮುಂದಕ್ಕೆ ನೆಗೆಯಿತು, ನಾನು ಹೆದರಿ ಬ್ರೇಕು ತುಳಿದೆ, ಅಕ್ಕನ ಮಡಿಲ ಬುಟ್ಟಿ ಹಾರಿ ಮುಂದಿನ ಹಲಗೆಗೆ ಬಡಿದು ಅಂಚು ನೆಗ್ಗಿ, ಚರಗ ಗಾಜಿಗೆ, ಗೇರಿಗೆ, ಬೂದುಬಣ್ಣದ ಚರ್ಮದ ಸೀಟಿಗೆ, ನನ್ನ ಕನ್ನಡಕಕ್ಕೆ, ಎಲ್ಲೆಲ್ಲೂ ಸಮನಾಗಿ ಬಿತ್ತು. ಗದ್ದೆಯಲ್ಲಿ ಕೂಡ ಅಷ್ಟು ಸಮನಾಗಿ ಬೀರಿದವರನ್ನು ನಾನು ನೋಡಿಲ್ಲ.

ಕುಂಬಳದ ಒಂದು ಹೋಳು ಗಾಜಿನ ಮೇಲಿಂದ ನಿಧಾನವಾಗಿ ಜಾರಿ ಇಳಿಯಿತು. ಅಕ್ಕ ಅದನ್ನು ನೋಡುತ್ತಿದ್ದವಳು, "ಇದಕ್ಕೂ ಹಸಿವಾಗಿತ್ತು ಕಾಣ್ತದೆ," ಎಂದಳು.

ಬುಟ್ಟಿಯ ತಳದಲ್ಲಿ ಅರ್ಧ ಉಳಿದಿತ್ತು. ಅದನ್ನೇ ಹಿಡಿದು ಗದ್ದೆಗೆ ಇಳಿದೆವು. ಭಾವ ಭತ್ತದ ಬುಡಕ್ಕೆ ಬಳೆ, ಕರಿಮಣಿ ಇಟ್ಟು ಪೂಜೆ ಮುಗಿಸಿದರು; ಕೊಯ್ಲಿನ ದಿನ ತೆಗೆಯಲೆಂದು ಒಂದು ಕಡುಬನ್ನು ಗದ್ದೆಯ ಮೂಲೆಯಲ್ಲಿ ಹುಗಿದರು; ಉಳಿದ ಚರಗವನ್ನು ಕೂಗುತ್ತ ಬೀರಿಕೊಂಡು ಬದುವಿನ ಆ ತುದಿಗೆ ಹೋದರು. ಅಕ್ಕ ಕಾಲು ಚಾಚಿ ಬದುವಿನ ಮೇಲೆ ಕೂತಳು. ನಾನು ಪಕ್ಕದಲ್ಲಿ ಕೂತು, ಯಾರೂ ಕೇಳದಿದ್ದರೂ, ನೀಲಿ ಕಾರಿಗೆ ಈ ದೋಷವಿಲ್ಲವೆಂದೂ, ಆದರೆ ಟರ್ಬೊ ಬುದ್ಧಿವಂತರ ಎಂಜಿನ್ನು ಎಂದೂ, ಈಗ ಕೊಳ್ಳದಿದ್ದರೂ ನಡೆಯುತ್ತದೆಂದೂ, ಮಳೆಗಾಲದಲ್ಲಿ ಸ್ಕೂಟರಿಗಿಂತ ಕಾರು ಕ್ಷೇಮವೆಂದೂ, ಒಂದರ ಕಾಲು ಇನ್ನೊಂದಕ್ಕೆ ತಾಗುವಂತೆ ವಾದಗಳನ್ನು ಜೋಡಿಸುತ್ತ ಹೋದೆ. ಅಕ್ಕ ಕಡುಬು ಮುರಿಯುತ್ತಿದ್ದ ಕೈ ನಿಲ್ಲಿಸಿದಳು.

"ಪರೀಕ್ಷೆ ಮುಗೀತೇನೆ ನಿಂದು?"

ನನಗೆ ತಕ್ಷಣ ತಿಳಿಯಲಿಲ್ಲ. ಯಾವ ಪರೀಕ್ಷೆ ಎಂದೆ. ಅವಳು ನೆನಪಿಸಿದಳು. ಮಗಳು ಹೊಟ್ಟೆಯಲ್ಲಿದ್ದಾಗ ನಾನು ಬಿ.ಇ.ಯ ಕೊನೆಯ ಪರೀಕ್ಷೆಗೆ ಓದುತ್ತಿದ್ದೆ. ಬಸುರಿಯ ಬಯಕೆ ಕೇಳಿ ಮಾಡಿಕೊಡಬೇಕೆಂದು ಅಕ್ಕ ಬಸ್ಸು ಹಿಡಿದು ಶಿಕಾರಿಪುರಕ್ಕೆ ಬಂದಳು. ಪುಸ್ತಕದಿಂದ ತಲೆಯೆತ್ತದೆ, ಪರೀಕ್ಷೆ ಮುಗಿಯಲಿ ಅಕ್ಕ, ಆಮೇಲೆ ಹೇಳುತ್ತೇನೆ ಎಂದಿದ್ದೆ. ಅವಳು ನಾಲ್ಕು ದಿನ ಇದ್ದು, ತನಗೆ ತೋಚಿದ್ದನ್ನು ಮಾಡಿಟ್ಟು ಹೋದಳು. ಪರೀಕ್ಷೆ ಮುಗಿದ ವಾರವೇ ಮಗಳು ಹುಟ್ಟಿದಳು. ಆಮೇಲೆ ಎನ್ನುವುದು ಬರಲೇ ಇಲ್ಲ.

ಹಾಗಾದರೆ ಆಗ ನನಗೆ ಏನು ಬೇಕೆನಿಸಿತ್ತು? ನೆನಪು ತನಗೆ ಬೇಕಾದಂತೆ ಒಗ್ಗರಣೆ ಹಾಕುತ್ತದೆಂದು ಗೊತ್ತು, ಆದರೂ ಬದುವಿನ ಮೇಲೆ ಕೂತು ಹುಡುಕಿದಾಗ ಮಾವಿನಕಾಯಿ ಸಿಗಲಿಲ್ಲ, ಹುಣಸೆ ಸಿಗಲಿಲ್ಲ. ಸಿಕ್ಕಿದ್ದು ಒಂದು ಬಸ್ಸಿನ ಕಿಟಕಿ. ನಾನು ಪರೀಕ್ಷೆಗೆ ಹೊರಟಿದ್ದ ಬಸ್ಸನ್ನು ಒಂದು ಕಾರು ಹಿಂದೆ ಹಾಕಿತ್ತು. ತಗ್ಗಾದ, ಬೆನ್ನು ಇಳಿಜಾರಾದ, ಎರಡೇ ಬಾಗಿಲಿನದು. ಅದು ಕಾಣಿಸಿದ್ದಕ್ಕಿಂತ ಹೆಚ್ಚಾಗಿ ಕೇಳಿಸಿತ್ತು. ಹೊಟ್ಟೆಯೊಳಗಿನವಳು ಒದ್ದಳು. ನಾನು ತೊಡೆಯ ಮೇಲಿನ ಪುಸ್ತಕ ಮುಚ್ಚಿ, ಅದು ತಿರುವಿನಲ್ಲಿ ಮರೆಯಾಗುವ ತನಕ ನೋಡಿ, ಮತ್ತೆ ಪುಸ್ತಕ ತೆರೆದಿದ್ದೆ.

ಅಕ್ಕನಿಗೆ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ. ಅವಳು ಕಡುಬಿನ ಅರ್ಧವನ್ನು ನನ್ನ ಕೈಗಿಟ್ಟು, ಗದ್ದೆಯ ಕಡೆ ಗಲ್ಲ ಎತ್ತಿ ತೋರಿಸಿದಳು.

"ಇವಳನ್ನ ಯಾರಾದ್ರೂ ಕೇಳ್ತಾರಾ, ಹಾಗಲಕಾಯಿ ಯಾಕೆ ಬೇಕು ನಿಂಗೆ ಅಂತ? ಬಸುರಿ ಬಯಕೆಗೆ ಯಾಕೆ ಅನ್ಬಾರ್ದು ಕಣೆ. ಇಷ್ಟು ವರ್ಷ ಕಾದದ್ದು ಸಾಕು. ಇನ್ನೂ ಕಾಯಿಸ್ಬೇಡ."

ಆ ಕ್ಷಣಕ್ಕೆ ಏರಿಯ ಮೇಲೆ ಬಾಗಿಲು ತೆರೆದು ನಿಂತಿದ್ದ ಬಿಳಿ ಕಾರನ್ನು ನೋಡಿದೆ. ಅದರ ಮೇಲೆ ಕಾಗೆಯೊಂದು ಕೂತು ಒಳಗಿನ ಚರಗಕ್ಕೆ ಹೊಂಚು ಹಾಕುತ್ತಿತ್ತು. ಪಾಪ, ಆ ಕಾರೂ ನನ್ನಂಥದ್ದೇ. ತಡವಾಗಿ ಬಂದರೂ ಗುದ್ದುವಂತೆ ಬಂದದ್ದು. ಅದನ್ನು ಆರಿಸಿಕೊಂಡರೆ ನನ್ನ ಇಡೀ ಬದುಕಿಗೆ ನಾನೇ ಸನ್ಮಾನ ಮಾಡಿಕೊಂಡಂತೆ ಆಗುತ್ತಿತ್ತು, ಈ ಪ್ರಬಂಧಕ್ಕೂ ಒಳ್ಳೆಯ ಮುಕ್ತಾಯ ಸಿಗುತ್ತಿತ್ತು. ಆದರೆ ಗೆಳೆಯರೇ, ಜೀವಮಾನವಿಡೀ ಟರ್ಬೊ ಆಗಿದ್ದವಳಿಗೆ ಮನೆಯಲ್ಲೂ ಒಂದು ಟರ್ಬೊ ಯಾಕೆ? ಒತ್ತು, ಕಾಯಿ, ಆಮೇಲೆ ಸಿಗುತ್ತದೆ ಎನ್ನುವುದನ್ನು ಕಲಿಸಲು ನನಗೆ ಇನ್ನೊಂದು ಯಂತ್ರ ಬೇಕಿರಲಿಲ್ಲ. ಒಂದು ಸಲ, ಒಂದೇ ಸಲ, ಕಾಲಿಟ್ಟ ಕೂಡಲೇ ಇದೋ ಬಂದೆ ಎನ್ನುವಂಥದ್ದು ಬೇಕಿತ್ತು.

ಶಿಕಾರಿಪುರಕ್ಕೆ ಮರಳಿ, ಕಾರನ್ನು ತೊಳೆಸಿದ ಮೇಲೂ ಸೀಟಿನ ಹೊಲಿಗೆಯಲ್ಲಿ ಉಳಿದ ಹಳದಿಯನ್ನು ರಫೀಕ್ ಭಾಯಿಗೆ ತೋರಿಸಿ, ಖರ್ಚು ನನ್ನದು ಎಂದೆ. ಅವರು ಬಗ್ಗಿ ಮೂಸಿ ನೋಡಿ, "ಅನ್ನ ಬಿದ್ದೈತಿ, ಬರ್ಕತ್ ಬಿಡ್ರಿ, ಒಳ್ಳೇದಾಗ್ತೈತಿ," ಎಂದು ನಕ್ಕರು. ನೀಲಿಯ ಕೀಲಿ ಕೇಳಿದೆ. ಶಿರಾಳಕೊಪ್ಪದ ರಸ್ತೆಯಲ್ಲಿ ಮೆಕ್ಕೆಜೋಳ ಹೇರಿದ ಟ್ರಾಲಿಯೊಂದು ಅಡ್ಡ ಸಿಕ್ಕಿತು. ಎದುರು ರಸ್ತೆ ಖಾಲಿ ಇತ್ತು. ಒತ್ತಿದೆ. ಯೋಚನೆಯಿಲ್ಲ, ಪೀಠಿಕೆಯಿಲ್ಲ; ಶಕ್ತಿ ಅಲ್ಲೇ ಕೂತಿತ್ತು, ಹೆಸರು ಕರೆಯುವುದನ್ನೇ ಕಾಯುತ್ತಿದ್ದಂತೆ ಎದ್ದು ಬಂತು. ಪಕ್ಕದಲ್ಲಿದ್ದ ನಮ್ಮ ಮನೆಯವರು ಎರಡೂ ಕೈಯಲ್ಲಿ ಸೀಟು ಹಿಡಿದುಕೊಂಡು, ಬಳ್ಳಿಗಾವಿಯ ತಿರುವು ದಾಟುವ ತನಕ ಕಣ್ಣು ಮುಚ್ಚಿ ಕೂತಿದ್ದು, ಆಮೇಲೆ, ಇದನ್ನೇ ತಗೊ, ಆದರೆ ವಾಪಸು ಹೋಗುವಾಗ ನಾನು ಬಸ್ಸಿನಲ್ಲಿ ಬರುತ್ತೇನೆ ಎಂದರು. ಬಂದದ್ದು ನನ್ನ ಜೊತೆಗೇ; ಎರಡನೆಯ ಸಲ ಕಣ್ಣನ್ನೂ ಮುಚ್ಚಲಿಲ್ಲ.

ನಾನು ಕಲಿಸುವ ಪಾಠದ ಪ್ರಕಾರ ಇದು ತಪ್ಪು ಉತ್ತರ. ಇಂಧನದ ಲೆಕ್ಕಕ್ಕೆ, ಶಾಸ್ತ್ರದ ಲೆಕ್ಕಕ್ಕೆ, ಟರ್ಬೊವೇ ಸರಿ. ನನ್ನ ವಿದ್ಯಾರ್ಥಿ ಯಾರಾದರೂ ದೊಡ್ಡ ಎಂಜಿನ್ನು ಎಂದು ಬರೆದು, ಕಾರಣದ ಜಾಗದಲ್ಲಿ ಬಯಕೆ ಎಂದು ಬರೆದರೆ ಕೆಂಪು ಶಾಯಿಯಲ್ಲಿ ಗೀಟು ಎಳೆಯುತ್ತೇನೆ. ಪೆಟ್ರೋಲು ಬಂಕಿನವರು ನನ್ನನ್ನು ಕಂಡರೆ ಈಗ ಎದ್ದು ನಿಲ್ಲುತ್ತಾರೆ. ಹಿಂದಿನ ಸೀಟಿಗೆ ಹತ್ತಿದ ನೆಂಟರು ಮುಂದಿನವರು ಇಳಿಯದೆ ಇಳಿಯಲಾರದೆ, ಒಳಗಿನಿಂದಲೇ ಕ್ಷೇಮಸಮಾಚಾರ ಮುಗಿಸುತ್ತಾರೆ.

ಅಂಚು ನೆಗ್ಗಿದ ಬುಟ್ಟಿ ಮುಂದಿನ ಹುಣ್ಣಿಮೆಗೆ ಬರುವುದಿಲ್ಲ ಎಂದು ಅಕ್ಕ ಅದನ್ನು ನನಗೇ ಕೊಟ್ಟಳು. ತೊಳೆದರೂ ಬಿದಿರಿನ ಸಂದಿಯಲ್ಲಿ ಹಾಗಲದ ಕಹಿ, ಅಮಟೆಯ ಹುಳಿ ಸ್ವಲ್ಪ ಉಳಿದಿವೆ. ಈಗ ಅದರಲ್ಲಿ ನೀಲಿ ಕಾರಿನ ಕೀಲಿ ಇರುತ್ತದೆ. ಭಾನುವಾರ ಬೆಳಿಗ್ಗೆ, ಎಲ್ಲಿಗೂ ಹೋಗಬೇಕಾಗಿಲ್ಲದ ಹೊತ್ತಿನಲ್ಲಿ, ಫ್ರಿಜ್ಜಿನ ಮೇಲೆ ಕೈಯಾಡಿಸಿ ಆ ನೆಗ್ಗು ಹುಡುಕುತ್ತೇನೆ, ಕೀಲಿ ಸಿಗುತ್ತದೆ. ಎಲ್ಲಿಗೆ ಹೊರಟೆ ಎಂದು ನಮ್ಮ ಮನೆಯವರು ಪತ್ರಿಕೆಯ ಹಿಂದಿನಿಂದ ಕೇಳುತ್ತಾರೆ. ಉಡುತಡಿಯ ತನಕ ಎಂದೋ, ಕುಬಟೂರಿನ ತನಕ ಎಂದೋ ಬಾಯಿಗೆ ಬಂದದ್ದು ಹೇಳುತ್ತೇನೆ. ಯಾಕೆ ಎಂದು ಅವರು ಕೇಳುವುದಿಲ್ಲ. ಕೇಳಿದರೂ ಉತ್ತರ ಬರೆಯುವ ಜರೂರು ನನಗೀಗ ಇಲ್ಲ. ಪರೀಕ್ಷೆ ಮುಗಿದಿದೆ.